ಒಂದು ಯಂತ್ರ ಒರೆಸುತ್ತದೆ, ಇನ್ನೊಂದು ಎಣಿಸುತ್ತದೆ

ರಾಯಚೂರಿನಲ್ಲಿ ಕುಳಿತು ಹಾಸ್ಟೆಲ್ ಅರ್ಜಿಗಳ ಕಂಪ್ಯೂಟರ್ ಆಳುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಸಂಘಮಿತ್ರಾಳಿಗೆ ನೀವು ಹಾಸ್ಟೆಲ್ ಸೀಟು ಕೊಟ್ಟಿಲ್ಲ. ಕಾರಣ ಕೇಳಿದವರಿಗೆ ನಗು ಬರುತ್ತದೆ, ನನಗೆ ಮೈ ಉರಿಯುತ್ತದೆ. ಆಕೆಯ ಜಾತಿ ಪ್ರಮಾಣಪತ್ರದ ದಾಖಲೆಯಲ್ಲಿ ಹೆಸರು ಟೈಪ್ ಹೊಡೆದ ಮೇಲೆ ನಿಮ್ಮವರು ಯಾರೋ ಖಾಲಿ ಜಾಗದ ಗುಂಡಿಯನ್ನು ಒಂದು ಸಲ ಹೆಚ್ಚಿಗೆ ಒತ್ತಿದ್ದಾರೆ. ಹಾಸ್ಟೆಲ್ ಅರ್ಜಿಯಲ್ಲಿ ಆ ಖಾಲಿ ಇಲ್ಲ. ಅಷ್ಟಕ್ಕೇ, ಈ ಸಂಘಮಿತ್ರಾ ಬೇರೆ, ಆ ಸಂಘಮಿತ್ರಾ ಬೇರೆ ಎಂದು ಯಂತ್ರ ತೀರ್ಪು ಕೊಟ್ಟಿತು. ನೀವು ಅದಕ್ಕೆ ಕೈಮುಗಿದಿರಿ.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ದೇವದುರ್ಗ, ಮಾನ್ವಿ ಪೇಟೆಗಳಲ್ಲಿ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದೆ. ಕೊನೆಯ ಅಕ್ಷರದ ಆಚೆ ನಾಲ್ಕು ಬೆರಳು ತಗಡು ಉಳಿದಿದೆ, ಇದು ಬೇರೆಯವರ ಅಂಗಡಿ ಎಂದು ಒಬ್ಬ ಗಿರಾಕಿಯೂ ತಿರುಗಿ ಹೋಗಲಿಲ್ಲ. ಇಷ್ಟು ತಿಳಿಯುವುದಕ್ಕೆ ಯಾವ ಪದವಿ ಬೇಕು ಸ್ವಾಮಿ?

ತಪ್ಪು ಹಿಡಿದವನು ನಿಮ್ಮ ಕಚೇರಿಯವನಲ್ಲ, ನಮ್ಮ ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯ ಪರ್ವೇಜ್. ತನ್ನ ಕಂಪ್ಯೂಟರಿನ ಪರದೆಯ ಮೇಲೆ ಆಕೆಯ ದಾಖಲೆ ತೆರೆದು ಬೆರಳಿಟ್ಟು ತೋರಿಸಿದ. "ನೋಡ್ರಿ ಕಾಕಾ, ಹೆಸರು ಇಲ್ಲಿಗಿ ಮುಗೀತು. ಈ ಕಡ್ಡಿ ಒಂದು ಹೆಜ್ಜಿ ಆಚಿಗಿ ನಿಂತು ಮಿಣಕಾಕತ್ತದ. ನಡುವ ಏನೂ ಕಾಣಂಗಿಲ್ಲಲ್ಲ, ಅದೇ ನಿಮ್ಮ ದುಶ್ಮನ್" ಎಂದ.

ತಿದ್ದುಪಡಿಗೆ ಅರ್ಜಿ ಹಾಕಿದೆವು. ಅದೂ ತಿರಸ್ಕಾರ! ನಿಮ್ಮ ಗುಮಾಸ್ತ ಬಸವಲಿಂಗ ನನಗೇ ಪಾಠ ಹೇಳಿದ.

"ಯಪ್ಪಾ, ಹಳೇ ಹೆಸರು, ಹೊಸ ಹೆಸರು ಎರಡೂ ಒಂದೇ ಅದಾವ. ಏನಂತ ತಿದ್ದಬೇಕ್ರೀ?"

"ಒಂದೇ ಇದ್ದರ ಸೀಟು ಯಾಕ ಕೊಡಲಿಲ್ಲಪಾ?"

"ಸೀಟಿನ ಕಂಪ್ಯೂಟರಿಗಿ ಬ್ಯಾರೆ ಬ್ಯಾರೆ ಕಾಣತಾವ್ರೀ. ತಿದ್ದುಪಡಿ ಕಂಪ್ಯೂಟರು ಖಾಲಿ ಜಾಗ ಒರಸಿಕೊಂಡು ಓದತದ, ಸೀಟಿಂದು ಎಣಿಸಿಕೊಂಡು ಓದತದ."

"ಮತ್ತ ನಿಮ್ಮ ಸಾಹೇಬರು?"

"ಅವರು ಮೀಟಿಂಗಿನ್ಯಾಗ ಅದಾರ್ರೀ."

ಒಂದೇ ಛಾವಣಿಯ ಕೆಳಗೆ ನಿಮ್ಮ ಎರಡು ಯಂತ್ರಗಳಿಗೆ ಮಾತುಕತೆ ಇಲ್ಲ. ಒಂದು ಹೇಳುತ್ತದೆ ತಪ್ಪಿದೆ, ಇನ್ನೊಂದು ಹೇಳುತ್ತದೆ ತಪ್ಪೇ ಇಲ್ಲ. ಹೆಸರು ಒಳಗೆ ತೆಗೆದುಕೊಳ್ಳುವಾಗಲೇ ಹಿಂದು ಮುಂದಿನ ಖಾಲಿ ಒರೆಸಿಬಿಡಿ ಎಂದು ಒಂದು ಆದೇಶ ಬರೆಯಲು ನಿಮಗೆ ಕೈ ಬರುವುದಿಲ್ಲವೇ? ಅಥವಾ ಒಂದು ಸಲ ಕುರ್ಚಿ ಬಿಟ್ಟೆದ್ದು, ಎದುರಿಗೆ ನಿಂತ ಹುಡುಗಿಯ ಮುಖ ನೋಡಿದರೆ ಪಗಾರ ಕಡಿತವೇ?

ಸಂಘಮಿತ್ರಾ ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಾಳೆ. ನಮ್ಮ ಮನೆಯಲ್ಲಿ ಓದಿನಲ್ಲಿ ಅಷ್ಟು ದೂರ ಹೋದವರು ಯಾರೂ ಇಲ್ಲ. ನಸುಕಿನಲ್ಲಿ ದೇವದುರ್ಗದ ಬಸ್ಸು ಹತ್ತಿ, ರಾಯಚೂರಿನಲ್ಲಿ ಇಳಿದು ಇನ್ನೊಂದು ಹಿಡಿದು, ಅರ್ಧ ದಾರಿ ನಿಂತೇ ಹೋಗುತ್ತಾಳೆ. ಎರಡು ತಿಂಗಳಲ್ಲಿ ಹನ್ನೊಂದು ಸಲ ಪ್ರಯೋಗಾಲಯದ ಬಾಗಿಲು ಮುಚ್ಚಿದ ಮೇಲೆ ತಲುಪಿದ್ದಾಳೆ. ಹಾಜರಿ ಸಾಲದು, ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ನೋಟಿಸು ಬಂದಿದೆ. ಮೊನ್ನೆ ಚಪ್ಪಲಿ ಬಿಡುತ್ತಾ, "ತಾತಾ, ಸಾಕಾತು. ಬಿಟ್ಟುಬಿಡತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ನೇರ ನಿಮ್ಮ ಬಾಗಿಲಿಗೆ ಬರುತ್ತಿದ್ದೆ.

ಹಾಸ್ಟೆಲಿನಲ್ಲಿ ಒಂದು ಮಂಚ ಇನ್ನೂ ಉಳಿದಿದೆ ಎಂದು ವಾರ್ಡನ್ ಚಂದ್ರಕಲಾ ಹೇಳಿದ್ದಾರೆ. ಸೋಮವಾರ ಪಟ್ಟಿ ಮುಚ್ಚುತ್ತದಂತೆ. ಅಷ್ಟರೊಳಗೆ ಪೆನ್ನು ಹಿಡಿದು, ನಿಮ್ಮ ಕೈಯಾರೆ, ಆ ಪಟ್ಟಿಗೆ ನನ್ನ ಮೊಮ್ಮಗಳ ಹೆಸರು ಸೇರಿಸಿ ಸಹಿ ಮಾಡಿ. ಕಂಪ್ಯೂಟರ್ ಒಪ್ಪದಿದ್ದರೆ ಅದಕ್ಕೆ ನೀವೇ ಅರ್ಜಿ ಹಾಕಿಕೊಳ್ಳಿ. ಸೋಮವಾರ ಬೆಳಿಗ್ಗೆ ಆಕೆ ಹಾಸಿಗೆ ಸುತ್ತಿಕೊಂಡು ಹಾಸ್ಟೆಲಿಗೆ ಬರುತ್ತಾಳೆ. ಹಾಸಿಗೆ ಹೊತ್ತವನು ನಾನಾಗಿರುತ್ತೇನೆ.

ಇಂತಿ, ನಿಮ್ಮ ಕಚೇರಿಯ ಬೆಂಚು ಆರು ದಿನ ಸವೆಸಿಯೂ ನಿಮ್ಮ ಮುಖ ಕಾಣದ,
ಮೌನಪ್ಪ
ದೇವದುರ್ಗ