ಒಂದು ಮಿಷನ್ ಮಾತ್ರ ಉಳಿಸಿಕೊಂಡಿದ್ದೇನೆ

ಮೇಷ್ಟ್ರೇ,

ಮೊದಲು ಬೈಸಿಕೊಳ್ಳುವ ವಿಷಯವನ್ನೇ ಹೇಳಿಬಿಡುತ್ತೇನೆ. ನಿಮ್ಮ ಟೈಪ್‌ರೈಟರ್‌ಗಳನ್ನು ಮಾರಿದೆ. ಒಂದನ್ನು ಬಿಟ್ಟು ಎಲ್ಲವನ್ನೂ. ಆ ಜಾಗದಲ್ಲಿ, ನಿಮ್ಮ ಫೋಟೋದ ಕೆಳಗೇ, ಕಂಪ್ಯೂಟರ್ ತಂದು ಇಟ್ಟಿದ್ದೇನೆ. "ನಾನಿರೋವರ್ಗೂ ಆ ಡಬ್ಬ ಈ ಮೆಟ್ಲು ಹತ್ತಕೂಡ್ದು ಕಣಮ್ಮ" ಅಂದಿದ್ದಿರಿ. ನೀವು ಇರುವವರೆಗೂ ಹತ್ತಲಿಲ್ಲ, ನಿಮ್ಮ ಮಾತು ನಡೆಸಿಕೊಟ್ಟಿದ್ದೇನೆ. ಇನ್ನು ನನ್ನ ಮಾತು ಕೇಳಿ. ಹೇಗೂ ಮಧ್ಯೆ ಬಾಯಿ ಹಾಕುವ ಹಾಗಿಲ್ಲ ನೀವು.

ದಬ್ಬೇಘಟ್ಟದ ಬಸ್ಸಿನಲ್ಲಿ ಬಂದಿಳಿದು ತಿಪಟೂರಿನ ನಿಮ್ಮ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿದ ಮೊದಲ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಗೆ ಕೊಬ್ಬರಿ ಮಂಡಿ, ಮೇಲೆ ನೀವು. ಮೆಟ್ಟಿಲ ತುಂಬ ಕೊಬ್ಬರಿ ವಾಸನೆ, ಬಾಗಿಲು ದಾಟಿದರೆ ಮಿಷನ್ ಎಣ್ಣೆಯ ವಾಸನೆ. ನನ್ನ ಎರಡೂ ಕೈ ಮೇಲೆ ಟವೆಲ್ ಹೊದಿಸಿ, ನೋಡದೆ ಹೊಡಿ ಅಂದಿರಿ. ಒಂದಕ್ಷರ ತಪ್ಪಿದರೆ ಹಾಳೆ ಕಿತ್ತು ಮತ್ತೆ ಮೊದಲಿಂದ. ಎದ್ದು ಹೋಗುವಾಗ ಮಿಷನ್ನಿಗೆ ಗವಸು ಹಾಕದಿದ್ದರೆ ಮರುದಿನ ಒಳಗೇ ಬಿಡುತ್ತಿರಲಿಲ್ಲ. ಆ ಗವಸುಗಳನ್ನು ಹೊಲಿಯುತ್ತಿದ್ದವರು ನಿಮ್ಮ ಮನೆಯವರು, ನಾವೆಲ್ಲ ಅಮ್ಮಾವ್ರು ಅನ್ನುವವರು. ಕಲಿತು ಮುಗಿದ ಮೇಲೂ ನಾನು ಹೋಗಲಿಲ್ಲ, ನಿಮ್ಮ ಪಕ್ಕದಲ್ಲೇ ಕಲಿಸುತ್ತಾ ನಿಂತೆ. ನೀವು ಹೋದ ಮೇಲೂ ನಿಂತಿದ್ದೇನೆ.

ನೀವು ಹೋಗಿ ವರ್ಷ ತುಂಬುವ ಹೊತ್ತಿಗೆ ಬೆಂಚುಗಳು ಖಾಲಿಯಾದವು. ಕಲಿಯುವವರೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಹೊಸದಾಗಿ ಶುರುವಾದ ಕಂಪ್ಯೂಟರ್ ಸೆಂಟರಿನ ದಾರಿ ಹಿಡಿದರು. ಒಂದು ದಿನ ಮಂಡಿ ಸಾಹುಕಾರರು ಮೇಲೆ ಬಂದರು. ಕಟ್ಟಡ ಅವರದೇ ತಾನೇ, ಕೋಣೆಯ ಉದ್ದಗಲವನ್ನು ಹೆಜ್ಜೆಯಲ್ಲೇ ಅಳೆದರು. "ಯುಗಾದಿಯೊಳ್ಗೆ ಬೆಂಚು ತುಂಬ್ಸಮ್ಮ. ಇಲ್ದಿದ್ರೆ ನಾನು ಚೀಲ ತುಂಬ್ತೀನಿ" ಅಂದರು. ಅವರದು ತಪ್ಪು ಅನ್ನುವುದಿಲ್ಲ, ಆದರೆ ನನಗೆ ಮೈ ಉರಿದುಹೋಯಿತು. ನೀವು ಕೂತ ಜಾಗದಲ್ಲಿ ಕೊಬ್ಬರಿ ಚೀಲವೇ? ಅದೂ ನಾನಿರುವಾಗಲೇ? ಅದೇ ವಾರ ಮಿಷನ್‌ಗಳನ್ನು ಮಾರಿ ಎರಡು ಹಳೆಯ ಕಂಪ್ಯೂಟರ್ ತಂದೆ. ಎಲ್ಲಿ ಒತ್ತಿದರೆ ಅವು ಏಳುತ್ತವೆ ಎಂದೂ ಆಗ ನನಗೆ ಗೊತ್ತಿರಲಿಲ್ಲ.

ಕಲಿಯಲು ಆ ಬಸ್ ಸ್ಟ್ಯಾಂಡ್ ಸೆಂಟರಿಗೇ ಹೋದೆ. ಯಾಕೆ ಹೋಗಬಾರದು? ದೇವಸ್ಥಾನದ ಹಾಗೆ ಚಪ್ಪಲಿ ಹೊರಗೆ ಬಿಡಿಸಿದರು. ಟೈ ಕಟ್ಟಿಕೊಂಡಿದ್ದ ಮಾಸ್ತರ, ನನಗಿಂತ ಎಷ್ಟೋ ಚಿಕ್ಕವನು, ಈ ವಯಸ್ಸಲ್ಲಿ ನಿಮಗ್ಯಾಕೆ ಮೇಡಂ ಅಂದ. ಫೀಸು ಕಟ್ಟಿದೀನಿ, ಹೇಳ್ಕೊಡಪ್ಪ ಅಂದೆ. ಈ ಪರದೆಯೇ ನಿಮ್ಮ ಮೇಜು, ಈ ಹಳದಿ ಚಿತ್ರಗಳು ಕಾಗದ ಇಡುವ ಫೈಲು, ಮೂಲೆಯಲ್ಲಿರುವುದು ಕಸದ ಬುಟ್ಟಿ ಎಂದು ತೋರಿಸಿದ. ಅಷ್ಟು ತಲೆಗೆ ಹೋಯಿತು. ಆಮೇಲೆ ಮೌಸ್ ಕೈಗೆ ಕೊಟ್ಟ. ನೀವು ಹತ್ತು ಬೆರಳಿಗೂ ಕೆಲಸ ಕಲಿಸಿದ್ದಿರಿ, ಇವನು ಒಂದೇ ಸಾಕು ಅನ್ನುತ್ತಾನೆ. ಆ ಒಂದೇ ನನ್ನ ಮಾತು ಕೇಳಲಿಲ್ಲ. ಬಾಣದ ಗುರುತನ್ನು ಮೂಲೆಗೆ ಒಯ್ಯಲು ಎಳೆದು ಎಳೆದು, ಮೇಜಿನ ಅಂಚು ದಾಟಿ, ಮೌಸನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದೆ. ಎರಡು ಸಲ ಬೇಗ ಬೇಗ ಒತ್ತಬೇಕಂತೆ. ನನ್ನದೋ ಒಂದೊಂದು ಏಟೂ ಬಿಡಿಬಿಡಿ, ನೀವು ಕಲಿಸಿದ ಹಾಗೆ. ಅಕ್ಕಪಕ್ಕದವರು ನಕ್ಕರು. ನಗಲಿ ಬಿಡಿ, ಮರುದಿನವೂ ಹೋದೆ.

ಮೊದಲ ಸಲ ಅದರಲ್ಲಿ ಟೈಪ್ ಮಾಡಲು ಕೂತಾಗ ಸಾಲಿನ ಕೊನೆಗೆ ಗಂಟೆ ಬಡಿಯುತ್ತದೆ ಎಂದು ಕಾದೆ. ಬಡಿಯಲಿಲ್ಲ. ಅದರಷ್ಟಕ್ಕೆ ಅದೇ ಕೆಳಗಿನ ಸಾಲಿಗೆ ಇಳಿಯಿತು. ಅಷ್ಟರಲ್ಲಿ ನನ್ನ ಎಡಗೈ ಅಭ್ಯಾಸದ ಮೇಲೆ ಸಾಲು ತಳ್ಳಲು ಎದ್ದು, ಮಾನಿಟರಿನ ಕೆನ್ನೆಗೆ ಒಂದು ಬಿಗಿದಿತ್ತು. ಅದೂ ಹೋಗಲಿ. ತಪ್ಪು ಒತ್ತಿದರೆ ತೆಗೆದುಹಾಕಬಹುದು, ಗುರುತೇ ಉಳಿಯುವುದಿಲ್ಲ. ಬುಟ್ಟಿಗೆ ಎಸೆದ ಕಾಗದವನ್ನೂ ವಾಪಸ್ ತರಬಹುದು. ಆವತ್ತು ನಿಮ್ಮ ಮೇಲೆ ಎಂಥ ಸಿಟ್ಟು ಬಂತು ಗೊತ್ತೇ? ಒಂದಕ್ಷರಕ್ಕೆ ಹಾಳೆ ಹರಿಸಿ, ಕಣ್ಣಲ್ಲಿ ನೀರು ಹಾಕಿಸಿ, ನನಗೆ ಬಸ್ಸು ತಪ್ಪಿಸಿದ ದಿನಗಳೆಲ್ಲ... ತಪ್ಪಿದವರಿಗೆ ಇನ್ನೊಂದು ಸಲ ಕೊಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಶಿಸ್ತು ಕೆಡುತ್ತೆ ಅನ್ನುತ್ತಿದ್ದಿರಿ. ಕೆಡಲಿಲ್ಲ ಮೇಷ್ಟ್ರೇ. ನಾನು ಈಗಲೂ ಅಚ್ಚುಕಟ್ಟಾಗಿ ಹೊಡೆಯುತ್ತೇನೆ, ಹೆದರಿಕೊಂಡು ಹೊಡೆಯುವುದಿಲ್ಲ ಅಷ್ಟೆ.

ನಮ್ಮ ಕೋಣೆಯಲ್ಲಿ ಒಬ್ಬಳೇ ಕೂತು ಅಭ್ಯಾಸ ಮಾಡಿದ ಮೊದಲ ಸಂಜೆ ಪರದೆಯ ಗುಂಡಿ ಒತ್ತಿದೆ, ಕಪ್ಪಾಯಿತು. ಆರಿತು ಅಂದುಕೊಂಡೆ. ಎದ್ದಾಗ ಗವಸು ಹಾಕುವುದು ನಿಮ್ಮ ಕಾನೂನಲ್ಲವೇ? ಅಮ್ಮಾವ್ರು ಹೊಲಿದುಕೊಟ್ಟಿದ್ದ ದಪ್ಪ ಬಟ್ಟೆಯನ್ನು ಪರದೆಗೂ ಅದರ ಕೆಳಗಿನ ಪೆಟ್ಟಿಗೆಗೂ ಸೇರಿಸಿ ಬಿಗಿಯಾಗಿ ಹೊದಿಸಿ, ಬೀಗ ಹಾಕಿ ಬಸ್ಸು ಹತ್ತಿದೆ. ನಿಮ್ಮ ಕೈಯಲ್ಲಿ ಪಳಗಿದವರು ಮಾತ್ರ ಮಾಡುವ ತಪ್ಪು ಅದು. ಬೆಳಿಗ್ಗೆ ಕಸ ಗುಡಿಸಲು ಬಂದ ಅಮ್ಮಾವ್ರು ಗವಸಿನ ಮೇಲೆ ಕೈಯಿಟ್ಟರೆ ಬಿಸಿ. ನಾನು ಬರುವ ಹೊತ್ತಿಗೆ ಗವಸು ತೆಗೆದು, ಸೆರಗಿನಲ್ಲಿ ಗಾಳಿ ಹಾಕುತ್ತಾ ನಿಂತಿದ್ದರು. "ಜ್ವರ ಬಂದಂಗೆ ಸುಡ್ತಾ ಐತಲ್ಲೇ ರತ್ನಾ. ಪರದೆ ಮಲ್ಗೈತೆ, ಪೆಟ್ಗೆ ಎದ್ದೈತೆ" ಅಂದರು. ನೋಡಿದರೆ ನಿಜ, ನಾನು ಆರಿಸಿದ್ದು ಪರದೆಯನ್ನು ಮಾತ್ರ. ಪುಣ್ಯಕ್ಕೆ ಕಂಪ್ಯೂಟರ್ ಕೆಟ್ಟಿರಲಿಲ್ಲ.

ಸರಿಯಾಗಿ ಆರಿಸುವುದು ಹೇಗೆಂದು ಸೆಂಟರಿನಲ್ಲಿ ಕೇಳಿಕೊಂಡು ಬಂದು ಅವರ ಮುಂದೆಯೇ ಮಾಡಿದೆ. ಎಡಗಡೆ ಕೆಳಮೂಲೆಯಲ್ಲಿ ಒತ್ತಿ, ಮುಗಿಸು ಎಂದು ಹೇಳಿ, ಇನ್ನು ಆರಿಸಬಹುದು ಎಂದು ಅದೇ ಬರೆದು ತೋರಿಸುವವರೆಗೂ ಕಾಯಬೇಕು. ಅವಸರ ಮಾಡಿ ಕರೆಂಟ್ ತೆಗೆದರೆ ಮುಂದಿನ ಸಲ ನೀಲಿ ಪರದೆ ತೋರಿಸಿ, ಹೋದ ಸಲ ಸರಿಯಾಗಿ ಮುಗಿಸಿಲ್ಲ ಎಂದು ಥೇಟ್ ನಿಮ್ಮ ಹಾಗೇ ಗದರುತ್ತದೆ. ಅಮ್ಮಾವ್ರು ನಕ್ಕರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ನಂಗೂ ಹೇಳ್ಕೊಡೇ ಅಂದರು. ಊರಿನ ಮಕ್ಕಳಿಗೆಲ್ಲ ಕಲಿಸಿದ ಮನುಷ್ಯ, ಅವರನ್ನು ಒಂದು ದಿನವಾದರೂ ಮಿಷನ್ ಮುಂದೆ ಕೂರಿಸಿದ್ದಿರಾ? ಮದುವೆಯಾದ ಹೊಸದರಲ್ಲಿ ಕೇಳಿದ್ದರಂತೆ. ನೀನು ಯಾವ ಆಫೀಸಿಗೆ ಹೋಗ್ಬೇಕು ಅಂದಿದ್ದಿರಂತೆ. ಅವರು ಮತ್ತೆ ಕೇಳಲಿಲ್ಲವಂತೆ.

ಮೌಸ್ ಹಿಡಿತಕ್ಕೆ ಬರಲೆಂದು ಅದರೊಳಗೇ ಒಬ್ಬರೇ ಆಡುವ ಇಸ್ಪೀಟಾಟ ಇದೆ. ಎಲೆಯನ್ನು ಒತ್ತಿ ಹಿಡಿದು, ಎಳೆದು, ಇನ್ನೊಂದರ ಮೇಲೆ ಕೂರಿಸಬೇಕು. ಅಮ್ಮಾವ್ರು ಅದಕ್ಕೆ ಬಿದ್ದರು. ಹೌದು, ಕೆಮ್ಮಿದರೂ ಕಣ್ಣು ಬಿಡುತ್ತಿದ್ದಿರಲ್ಲ, ಅದೇ ಕೋಣೆಯಲ್ಲಿ, ನಿಮ್ಮ ಫೋಟೋದ ಕೆಳಗೆ, ನಿಮ್ಮ ಹೆಂಡತಿ ಇಸ್ಪೀಟಾಡಿದರು. ನೋಡನೋಡುತ್ತ ಕೈ ಕೂತಿತು. ಅಮ್ಮಾವ್ರಿಗೇ ಬರುತ್ತೆ ಅಂದ್ರೆ ನಮಗೆ ಬರಲ್ವಾ ಅಂತ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ದಂಡಿನಶಿವರದ ತಾಯಿಯೊಬ್ಬಳು ತನ್ನ ಹೆಣ್ಣುಮಕ್ಕಳನ್ನು ಕರೆತಂದು, ಇಲ್ಲಿ ಹಿರಿಯರೊಬ್ಬರು ಜೊತೆಗೆ ಕೂತಿರ್ತಾರಂತೆ, ಅದಕ್ಕೇ ಕಳಿಸ್ತಿದೀನಿ ಅಂದಳು. ಏನೇನು ಎಲ್ಲೆಲ್ಲಿದೆ ಅಂತ ನಾನು ಹೇಳಿಕೊಡುತ್ತೇನೆ, ಆರಿಸುವುದನ್ನು ಅಮ್ಮಾವ್ರೇ ಹೇಳಿಕೊಡುತ್ತಾರೆ.

ಯುಗಾದಿಯ ಹಿಂದಿನ ದಿನ ಸಾಹುಕಾರರು ಹಮಾಲಿಯನ್ನು ಕರೆದುಕೊಂಡೇ ಬಂದರು. ಬೆಂಚು ತುಂಬಿತ್ತು. ಆದರೆ ಅವರ ಕಣ್ಣು ನೆಟ್ಟಿದ್ದು ಇಸ್ಪೀಟೆಲೆಗಳ ಮೇಲೆ. ಯುಗಾದಿಗೆ ಎಲೆ ಮುಟ್ಟದ ಗಂಡಸು ನಮ್ಮ ಕಡೆ ಯಾರಿದ್ದಾರೆ? ಇವರಂತೂ ಹಬ್ಬಕ್ಕೆ ಮಂಡಿಯಲ್ಲೇ ಚಾಪೆ ಹಾಸಿಸುವವರು. ಬಗ್ಗಿ ನೋಡಿ, ಇದನ್ನೆಲ್ಲ ಮೇಷ್ಟ್ರು ಹೇಳ್ಕೊಟ್ಟಿದ್ರಾ ಅಮ್ಮಾವ್ರೇ ಎಂದು ಕೇಳಿದರು. ಅಮ್ಮಾವ್ರು ತಲೆಯೆತ್ತದೆ, ಎಲೆ ಎಳೆಯುತ್ತಲೇ ಹೇಳಿದರು: "ಅವ್ರು ಊರಿಗೆಲ್ಲಾ ಹೇಳ್ಕೊಟ್ರು, ನಂಗೆ ಹೇಳ್ಕೊಡ್ಲಿಲ್ಲ. ಇವ್ಳು ಹೇಳ್ಕೊಟ್ಳು."

ಸಾಹುಕಾರರು ನಿಮ್ಮ ಫೋಟೋ ನೋಡಿದರು, ಬೆಂಚು ನೋಡಿದರು, ಹಮಾಲಿಯನ್ನು ಕೆಳಗೆ ಕಳಿಸಿದರು. ಚೀಲ ಬೇರೆ ಕಡೆ ಹಾಕಿಸ್ತೀನಿ ಬುಡಮ್ಮ ಅಂದರು. ಹಬ್ಬ ಕಳೆದ ಮೇಲೆ ಅವರ ಸೊಸೆಯೂ ಬಂದು ಸೇರಿದಳು.

ಇನ್ನು ನಿನ್ನೆಯ ಸುದ್ದಿ. ಉಳಿಸಿಕೊಂಡಿದ್ದೇನೆ ಅಂದೆನಲ್ಲ, ಆ ಮಿಷನ್ ಯಾವುದು ಹೇಳಿ? ನೀವು ಯಾರಿಗೂ ಮುಟ್ಟಗೊಡದಿದ್ದ ನಿಮ್ಮದೇ ಮಿಷನ್. ಸಂಜೆ ಎಲ್ಲರೂ ಹೋದ ಮೇಲೆ ಅಮ್ಮಾವ್ರು ಎರಡೂ ಕಂಪ್ಯೂಟರ್ ಆರಿಸಿ, ಪೆಟ್ಟಿಗೆ ಮುಟ್ಟಿ ನೋಡಿ, ಗವಸು ಹಾಕಿದರು. ಆಮೇಲೆ ನಿಮ್ಮ ಮಿಷನ್ ಹತ್ತಿರ ಹೋಗಿ ಅದರ ಗವಸು ತೆಗೆದರು. "ಇಷ್ಟು ವರ್ಷ ಇದ್ಕೆ ಗವಸು ಹೊಲ್ದೆ ಕಣೇ. ಒಂದಕ್ಷರ ಒತ್ತಿ ನೋಡ್ಲಿಲ್ಲ" ಅಂದರು.

ನಿಮ್ಮ ಕುರ್ಚಿ ಎಳೆದು ಕೂರಿಸಿದೆ. ಹಾಳೆ ಏರಿಸಿದೆ. ಕೈ ಮೇಲೆ ಟವೆಲ್ ಹೊದಿಸಲಿಲ್ಲ, ನೋಡ್ಕೊಂಡೇ ಹೊಡೀರಿ ಅಂದೆ. ಒಂದೊಂದೇ ಹುಡುಕಿ ಹುಡುಕಿ ತಮ್ಮ ಹೆಸರು ಹೊಡೆದರು. ತಪ್ಪಾಯಿತು. ಅಭ್ಯಾಸ ನೋಡಿ, ನನ್ನ ಕೈ ಹಾಳೆ ಕೀಳಲು ಹೋಯಿತು, ತಡೆದುಕೊಂಡೆ. ಆ ಹಾಳೆಯನ್ನು ತಪ್ಪಿನ ಸಮೇತ ನಿಮ್ಮ ಫೋಟೋದ ಪಕ್ಕದಲ್ಲೇ ಅಂಟಿಸಿದ್ದೇನೆ. ನಾಳೆಯಿಂದ ದಿನಕ್ಕೊಂದು ಹಾಳೆ, ನಿಮ್ಮ ಮಿಷನ್ನಿನಲ್ಲೇ, ಅವರ ಕೈ ಪಳಗುವವರೆಗೂ. ತಡೆಯುವುದಾದರೆ ಬನ್ನಿ, ಮೆಟ್ಟಿಲು ಎಲ್ಲಿದೆ ಅಂತ ಗೊತ್ತಲ್ಲ. ಬೈಯುವುದಕ್ಕಾದರೂ ಒಂದು ಸಲ ಬನ್ನಿ.

ನಿಮ್ಮ ಮಾತು ಮೀರಿದ ಶಿಷ್ಯೆ,
ರತ್ನ