ಮನೆ ಮುಟ್ಟದ ಕೈ

ಬಿಲ್ಲುವಿದ್ಯೆಯ ಮಹಾಗುರುಗಳಾದ ನನ್ನ ಅಣ್ಣನಿಗೆ,

ನಿನ್ನ ಕಾಗದ ತಲುಪಿತು, ಅಳತೆಗೆಂದು ಕಳಿಸಿದ ಹಳೆಯ ಹೆದೆಯೂ ತಲುಪಿತು. ಹನ್ನೊಂದು ವರ್ಷದ ಮೇಲೆ ತಂಗಿಗೆ ಬರೆದ ಮೊದಲ ಕಾಗದ. ಅದರಲ್ಲಿ ಹೇಗಿದ್ದೀಯ ಎಂಬ ಒಂದು ಮಾತೂ ಇಲ್ಲ. ಹೆದೆ ಸಡಿಲವಂತೆ, ಬಾಣಗಳು ಡೊಂಕಂತೆ, ಮೈದಾನದಲ್ಲಿ ಗಾಳಿ ಜಾಸ್ತಿಯಂತೆ. ಮುಂದಿನ ತಿಂಗಳ ಪರೀಕ್ಷೆಗೆ ಅಪ್ಪನ ಬಿಲ್ಲಿಗೆ ನಾನು ಹೊಸ ಹೆದೆ ಹೊಸೆದು ಕಳಿಸಬೇಕಂತೆ. ಪಾಪ, ಗಾಳಿಯದ್ದೂ ತಪ್ಪು, ಬಾಣದ್ದೂ ತಪ್ಪು, ನಿನ್ನದೊಂದೇ ಇಲ್ಲ. ನನ್ನ ಬಿಲ್ಲು-ಹೆದೆಗಳ ಅಂಗಡಿಯಲ್ಲಿ ಒಬ್ಬಳೇ ಕೂತು ಓದಿ ಜೋರಾಗಿ ನಕ್ಕುಬಿಟ್ಟೆ.

ಪರೀಕ್ಷೆ ಯಾಕೆ ಬಂತು ಎಂದು ನೀನು ಬರೆದಿಲ್ಲ. ನಿಮ್ಮ ಬಿಲ್ಲುಗಾರರ ಸಂಘದ ಕಾರ್ಯದರ್ಶಿ, ಆ ನಿವೃತ್ತ ಪೋಸ್ಟ್‌ಮ್ಯಾನ್, ನನ್ನ ಅಂಗಡಿಗೇ ಬಂದು ಎಲ್ಲ ಹೇಳಿ ಹೋದರು. ಶಿಷ್ಯರ ಮುಂದೆ ಎದೆಯುಬ್ಬಿಸಿ ನೀನು ಬಿಟ್ಟ ಬಾಣ ಗುರಿಹಲಗೆಯನ್ನೂ ಗೋಡೆಯನ್ನೂ ದಾಟಿ, ಪಕ್ಕದ ಲಾಂಡ್ರಿಯ ಅಂಗಳದಲ್ಲಿ ಒಣಗುತ್ತಿದ್ದ ಬೆಡ್‌ಶೀಟ್‌ಗೆ ಚುಚ್ಚಿಕೊಂಡಿತಂತೆ. ಲಾಂಡ್ರಿಯ ಹೆಂಗಸು ಆ ತೂತಿನಲ್ಲಿ ಬೆರಳು ತೂರಿಸಿಕೊಂಡೇ ಬಂದು, "ಇಲ್ಲಿ ಗುರುಗಳು ಅನ್ನೋರು ಯಾರ್ರೀ?" ಎಂದಳಂತೆ. ಈಗ ಮೂವತ್ತು ಬಾಣದಲ್ಲಿ ಇಪ್ಪತ್ತಾದರೂ ಹಲಗೆಯ ಒಳವೃತ್ತಕ್ಕೆ ಬೀಳದಿದ್ದರೆ ನಿನ್ನನ್ನು ಮನೆಗೆ ಕಳಿಸುತ್ತಾರೆ. ಆ ಜಾಗಕ್ಕೆ ಬರುತ್ತೀರಾ ಎಂದು ಕಾರ್ಯದರ್ಶಿ ಕೇಳಿದ್ದು ನನ್ನನ್ನು. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ನಿನ್ನ ಹೆದೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಬಾಣ ಕೂರಿಸುವ ಜಾಗದಲ್ಲಿ ಒಂದೇ ಸವಕಲು ಇರಬೇಕು, ನಿನ್ನದರಲ್ಲಿ ಮೂರಿವೆ, ಬಾಣವನ್ನು ಸಲಕ್ಕೊಂದು ಕಡೆ ಕೂರಿಸುತ್ತೀಯ. ಛೀ! ಮೊದಲ ದಿನ ಕಲಿಯಲು ಬಂದವರಿಗೂ ಇಷ್ಟು ಕೆಟ್ಟ ಹೆದೆ ಇರುವುದಿಲ್ಲ.

ಆದರೆ ನಿನ್ನ ನಿಜವಾದ ರೋಗ ಅದಲ್ಲ. ಹೆದೆ ಎಳೆದ ಕೈಯ ತೋರುಬೆರಳು ಬಾಯಿಯ ಮೂಲೆಗೆ ತಾಗಿ ಒಂದು ಉಸಿರು ನಿಲ್ಲಬೇಕು. ಆ ಮೂಲೆಗೆ ಅಪ್ಪ ಇಟ್ಟಿದ್ದ ಹೆಸರು ಮನೆ. "ಕೈ ಮನೆ ಮುಟ್ತೇನೋ?" ಎಂದು ಪ್ರತಿ ಬಾಣಕ್ಕೂ ಕೇಳುತ್ತಿದ್ದ. "ಮುಟ್ತು" ಎಂದು ನೀನು ಪ್ರತಿ ಸಲವೂ ಸುಳ್ಳು ಹೇಳುತ್ತಿದ್ದೆ. ಈಗಲೂ ನಿನ್ನ ಕೈ ಗಲ್ಲದ ಮುಂದೆಯೇ ನಿಂತುಬಿಡುತ್ತದೆ. ಮೊನ್ನೆ ಫೋನಿನಲ್ಲಿ ಅತ್ತಿಗೆ ಹೇಳಿದಳು: "ನಾಲ್ಕು ಬೆರಳು ಕಮ್ಮಿ ಎಳೀತಾರಮ್ಮ. ಹೇಳಕ್ಕೆ ಹೋದ್ರೆ ನನ್ ಮೇಲೇ ಹಾರ್ತಾರೆ." ಕಮ್ಮಿ ಎಳೆದರೆ ಬಾಣ ಕೆಳಗೆ ಬೀಳುತ್ತದೆ, ಅದಕ್ಕೆ ನೀನು ಮೇಲಕ್ಕೆ ಗುರಿ ಇಡುವುದನ್ನು ರೂಢಿ ಮಾಡಿಕೊಂಡೆ. ಆ ದಿನ ಶಿಷ್ಯರ ಮುಂದಿನ ಹುಮ್ಮಸ್ಸಿಗೆ ಕೈ ಪೂರ್ತಿ ಹಿಂದೆ ಬಂದಿರಬೇಕು. ಜೀವಮಾನದಲ್ಲಿ ಒಂದೇ ಒಂದು ಸಲ ಸರಿಯಾಗಿ ಎಳೆದೆ ಮಹಾರಾಯ, ಅದೂ ಬೆಡ್‌ಶೀಟ್‌ಗೆ.

ಕೈ ಯಾಕೆ ಮನೆ ಮುಟ್ಟುವುದಿಲ್ಲ ಗೊತ್ತೇ? ಅಪ್ಪನ ಬಿಲ್ಲು ಎಳೆಯಲು ನಿನಗೆ ಭಾರ, ಅಷ್ಟೇ. ಅದನ್ನು ನಿನ್ನ ಕೈಗಿಟ್ಟ ದಿನ ನೀನು ಮೀಸೆ ತಿರುವಿಕೊಂಡು ಓಡಾಡಿದೆ. ನನಗೆ ಸಿಕ್ಕಿದ್ದು ಕಲಿಯುವವರ ಹಗುರ ಬಿಲ್ಲು. "ನಿನ್ ಬಿಲ್ಲಿನ್ ಹೆದೆ ಬಟ್ಟೆ ಒಣಗಿಸೋಕೆ ಲಾಯಕ್ಕು" ಎಂದು ನೀನು ಹಂಗಿಸಿದೆ. ಕೈಗೆ ಮನೆ ಮುಟ್ಟುವುದು ರೂಢಿಯಾಗಲೆಂದು ನಾನು ಅದರಲ್ಲೇ ಒಂದು ವರ್ಷ ಚಿಂದಿ ತುಂಬಿದ ಮೂಟೆಯ ಮುಂದೆ ಮೂರು ಹೆಜ್ಜೆ ದೂರ ನಿಂತು, ಕಣ್ಣು ಮುಚ್ಚಿ ಬಾಣ ಬಿಟ್ಟೆ. ಅದಕ್ಕೂ ನೀನು ನಕ್ಕೆ: "ಮೂಟೆಗೆ ಹೊಡೆಯೋದೂ ಒಂದ್ ವಿದ್ಯೆನಾ?" ಆ ನಗುವನ್ನು ನಾನು ಇಂದಿಗೂ ಮರೆತಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದೊಂದು ಕೇಳು. ನಿನಗೆ ಬಿಲ್ಲು ಕೊಡುವ ಒಂದು ವಾರ ಮುಂಚೆ ಅಪ್ಪ ಹಿತ್ತಲಿನಲ್ಲಿ ಒಬ್ಬನೇ ಅದನ್ನು ಎಳೆಯುತ್ತಿದ್ದ. ಅವನ ಕೈಯೂ ಗಲ್ಲದ ಮುಂದೆಯೇ ನಿಂತುಬಿಟ್ಟಿತು. ಬಾಣ ಬಿಡದೆ ಬಿಲ್ಲು ಇಳಿಸಿದ. ತಿರುಗಿದರೆ ನಾನು ಬಾಗಿಲಲ್ಲಿ. "ಅಣ್ಣಂಗೆ ಹೇಳ್ಬೇಡ" ಎಂದ. ತನಗೂ ಭಾರವಾಯಿತು ಎಂದು ಒಪ್ಪಿಕೊಳ್ಳಲಾರದೆ, ಮರ್ಯಾದೆ ಎಂಬ ಹೆಸರಿನಲ್ಲಿ ನಿನ್ನ ಹೆಗಲಿಗೆ ಹೊರಿಸಿದ. ನಾನು ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷ ನಿನ್ನ ಗುರಿ ತಪ್ಪಿದ ಸುದ್ದಿ ಬಂದಾಗಲೆಲ್ಲ ಸಂತೋಷಪಟ್ಟೆ. ನಿನಗಿಂತ ನಾನೇನೂ ದೊಡ್ಡವಳಲ್ಲ ಎಂದು ಬರೆಯಲು ನನಗೂ ನಾಚಿಕೆಯಾಗುತ್ತಿದೆ.

ಹೊಸ ಹೆದೆ ಕಳಿಸಿ ಸುಮ್ಮನಿದ್ದರೆ ನಿನ್ನ ಜಾಗ ತಾನಾಗಿಯೇ ನನ್ನದಾಗುತ್ತಿತ್ತು. ಅದರ ಬದಲು ಆ ಹಗುರ ಬಿಲ್ಲನ್ನೇ ಕಳಿಸುತ್ತಿದ್ದೇನೆ. ಹೆದೆ ಹೊಸದು, ಬಾಣ ಕೂರಿಸುವ ಜಾಗಕ್ಕೆ ಗಂಟು ಕಟ್ಟಿದ್ದೇನೆ. ಕೈ ಮನೆ ಮುಟ್ಟಿದಾಗ ಬಾಣ ಬಿಲ್ಲಿಗೆ ಎಲ್ಲಿ ತಾಗುತ್ತದೋ ಅಲ್ಲಿ ಬಾಣದ ಮೇಲೆ ಕೆಂಪು ದಾರ ಸುತ್ತು. ಮೂಟೆಯ ಮುಂದೆ ನಿಂತು ಕಣ್ಣು ಮುಚ್ಚಿಕೋ, ದಿನಕ್ಕೆ ಅರವತ್ತು ಬಾಣ ಸಾಕು. ಪಕ್ಕದಲ್ಲಿ ಅತ್ತಿಗೆ ನಿಂತಿರಲಿ. ದಾರ ಬಿಲ್ಲಿಗೆ ಬಂತೋ ಇಲ್ಲವೋ ಅವಳು ಹೇಳಲಿ, ನೀನು ಬಾಯಿ ಮುಚ್ಚಿಕೊಂಡು ಕೇಳು. ಮೂರು ವಾರ ಗುರಿಹಲಗೆಯ ಕಡೆ ತಲೆಯೆತ್ತಿಯೂ ನೋಡಬೇಡ.

ಪರೀಕ್ಷೆಯ ದಿನ ನಾನು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಪ್ಪನ ಬಿಲ್ಲು ಹಿಡಿದು ಬಂದೆಯೋ, ನೀನು ಮೊದಲ ಬಾಣ ಬಿಡುವ ಮುಂಚೆಯೇ ಕಾರ್ಯದರ್ಶಿಗೆ ಹೂಂ ಎನ್ನುತ್ತೇನೆ. ತಂಗಿಯ ಬಿಲ್ಲು ಹಿಡಿದು ಬಂದರೆ ಶಿಷ್ಯರೆಲ್ಲ ನಗುತ್ತಾರೆ, ಬೆಂಚಿನಲ್ಲಿ ಕೂತು ನಾನೂ ನಗುತ್ತೇನೆ. ಆಮೇಲೆ ಎದ್ದು, ಕಾರ್ಯದರ್ಶಿಗೆ ಒಲ್ಲೆ ಎಂದು ಹೇಳಿ ನನ್ನ ಅಂಗಡಿಗೆ ಹೋಗುತ್ತೇನೆ, ನಿನ್ನ ಜಾಗ ನಿನಗೇ ಇರಲಿ.

ಒಂದು ಸಲವಾದರೂ ನಿನ್ನ ಕೈ ಮನೆ ಮುಟ್ಟಲಿ, ಅಣ್ಣ.

ಇಂತಿ,
ಬಟ್ಟೆ ಒಣಗಿಸುವ ಬಿಲ್ಲಿನ
ನಿನ್ನ ತಂಗಿ