ಶನಿವಾರ ಐದು ಗಂಟೆ

ಜೂನ್ 9, ಸೋಮವಾರ. ಬೆಳಗ್ಗೆ

ಬಾತ್‌ರೂಮ್ ಕ್ಯೂ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಮುಂದೆ ಇನ್ನೂ ಬಹಳ ತಲೆಗಳಿವೆ, ಲೆಕ್ಕ ಹಾಕಲು ಸಮಯವೂ ಇದೆ.

ನನ್ನನ್ನು ಮಧುಗಿರಿಯ ಈ ಹಾಸ್ಟೆಲ್ ಕಾಲೇಜಿಗೆ ತಂದು ಹಾಕಲು ಆದ ಖರ್ಚು: ಟ್ರಂಕಿಗೆ ಒಂದು ಇಡ್ಲಿ ಪಾತ್ರೆ, ಎರಡು ದೊಡ್ಡ ಡಬ್ಬಿ. ಹಾಸಿಗೆಗೆ ಅಮ್ಮ ಆರಿಸಿಟ್ಟಿದ್ದ ಒಳ್ಳೊಳ್ಳೆ ಸೀರೆಗಳು. ಫೀಸಿಗೆ ಅಮ್ಮನ ಓಲೆ. ಈಗ ಅವಳ ಕಿವಿಯಲ್ಲಿ ಬೇವಿನ ಕಡ್ಡಿ.

ನಮ್ಮದು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ಪಾವಗಡ ಸುತ್ತಿನ ಹಳ್ಳಿಗಳೆಲ್ಲ ರಜೆಯಲ್ಲಿ ತಿರುಗಿದ್ದೇವೆ. ಬುಟ್ಟಿ ಅಮ್ಮನದು, ಬಾಯಿ ನನ್ನದು. ಕನ್ನಡಕ್ಕೆ ಕನ್ನಡ, ತೆಲುಗಿಗೆ ತೆಲುಗು. ಅಮ್ಮ ಕಲಿಸಿದ ಸೂತ್ರ ಒಂದೇ — ಪಾತ್ರೆ ಅವರ ಕೈಗೆ ಕೊಟ್ಟು ಸುಮ್ಮನೆ ಕೂರು. ಎಷ್ಟು ಸೀರೆ ಅಂತ ಮೊದಲು ಬಾಯಿ ಬಿಟ್ಟವರು ಸೋತರು.

ನಿನ್ನೆ ಗೇಟಿನಲ್ಲಿ ಅಮ್ಮ ಅಂದಳು: "ಬಾಯಿ ಐತೆ, ಬದುಕ್ಕಳ್ತೀಯ ಬುಡು. ಆದ್ರೆ ಎಲ್ಲಾ ಕಡೀಕೂ ಬಿಚ್ಬೇಡ ಕಣಮ್ಮಿ."

ಒಂದು ವಾರ ಓರಿಯಂಟೇಷನ್ ಅಂತೆ. ಪಾಠ ಇಲ್ಲ, ಫೋನ್ ಇಲ್ಲ, ಮನೆಗೆ ಹೋಗುವಂತಿಲ್ಲ. ಮಧ್ಯೆ ಹೋದರೆ ಸೀಟು ವೆಯ್ಟಿಂಗ್ ಲಿಸ್ಟಿನವರಿಗೆ.

ಜೂನ್ 10, ಮಂಗಳವಾರ

ಇವತ್ತು "ಐಸ್ ಬ್ರೇಕಿಂಗ್". ಹಾಲ್‌ನಲ್ಲಿ ಫ್ಯಾನ್ ಇಲ್ಲ, ಎಲ್ಲರೂ ಬೆವರುತ್ತಿದ್ದೇವೆ, ಒಡೆಯಬೇಕಾದದ್ದು ಮಂಜುಗಡ್ಡೆ. ಒಬ್ಬೊಬ್ಬರೇ ಎದ್ದು ಇಂಗ್ಲಿಷಿನಲ್ಲಿ ಹೆಸರು, ಊರು, ಗುರಿ. ಎಲ್ಲರೂ ಡಾಕ್ಟರೇ. ರೋಗಿಗಳನ್ನು ಎಲ್ಲಿಂದ ತರುತ್ತಾರೋ.

ನನ್ನ ಪಕ್ಕದ ಮಂಚದ ವೇದಾವತಿ ಎದ್ದಳು. ವಳ್ಳೂರಿನವಳು. ಹತ್ತನೇ ಕ್ಲಾಸಲ್ಲಿ ಸ್ಕೂಲಿಗೇ ಫಸ್ಟ್. "ಮೈಸೆಲ್ಫ್" ಅಂದಳು, ಅಲ್ಲಿಗೆ ನಿಂತಳು. ಹಿಂದಿನಿಂದ ಯಾರೋ, "ಪ್ಲಗ್ ಕಿತ್ತೋಯ್ತು" ಅಂದರು. ನಾನೇ ಎದ್ದು ಅವಳ ಪರವಾಗಿ ಹೇಳಿ ಮುಗಿಸಿದೆ. ವಾರ್ಡನ್ ಮೇಡಂ ನಕ್ಕರು. "ಈ ಲೌಡ್‌ಸ್ಪೀಕರ್ ಯಾರದು?"

ಸಂಜೆ ವೇದಾ ನನ್ನ ತಟ್ಟೆಗೆ ಅವಳ ಹಪ್ಪಳ ಹಾಕಿದಳು. ಮಾತಿಗೆ ಬಂದ ಮೊದಲ ಕೂಲಿ.

"ನೀನು ಹೆಂಗೆ ಅಷ್ಟು ಮಾತಾಡ್ತೀಯೇ?"

"ನೀನು ಹೆಂಗೆ ಅಷ್ಟು ಓದ್ತೀಯೇ? ಅಂಗೇ."

ಜೂನ್ 11, ಬುಧವಾರ. ರಾತ್ರಿ

ಯೋಗ ಮಾಡಿಸುವಾಗ ಆಫೀಸಿನಿಂದ ಕರೆ ಬಂತು. ಮೇಜಿನ ಮೇಲೆ ಫೋನ್, ಸ್ಪೀಕರ್ ಹಾಕಿದ್ದಾರೆ. ವೇದಾ ಮೂಲೆಯಲ್ಲಿ ನಿಂತು ಅಳುತ್ತಿದ್ದಾಳೆ. ಫೋನಿನಲ್ಲಿ ಅವಳ ಅಜ್ಜಿ ಚಿಕ್ಕಹನುಮಕ್ಕ. ಬರೀ ತೆಲುಗು. ಮೇಡಂಗೆ ಒಂದಕ್ಷರ ತಿಳಿಯದು.

"ಇವಳು ಅಳು ನಿಲ್ಲಿಸ್ತಿಲ್ಲ. ಏನಂತೆ ಕೇಳಿ ಹೇಳು. ಅವರು ಹೇಳಿದ್ದಷ್ಟೇ. ನಿನ್ನ ಒಗ್ಗರಣೆ ಬೇಡ."

ವೇದಾಳ ಅಪ್ಪ ಭೀಮರಾಜು ಸೋಲಾರ್ ಪ್ಲೇಟು ತೊಳೆಯುವ ಕೆಲಸದವರು. ಟ್ಯಾಂಕರ್ ಮೇಲಿಂದ ಬಿದ್ದು ಸೊಂಟ ಮುರಿದಿದೆ. ತುಮಕೂರಿನ ಆಸ್ಪತ್ರೆಯಲ್ಲಿದ್ದಾರೆ, ಅಮ್ಮ ಜೊತೆಗೆ. ಮನೆಯಲ್ಲಿ ಉಳಿದದ್ದು ಈಗಷ್ಟೇ ನಡೆಯಲು ಕಲಿತ ತಮ್ಮ, ಕಣ್ಣು ಮಂಜಾದ ಅಜ್ಜಿ. ಸಿರಾದಿಂದ ಅತ್ತೆ ಬರುವವರೆಗೆ ಹುಡುಗಿ ಬೇಕು.

ಅಷ್ಟನ್ನೂ ಹೇಳಿದೆ. ಮೇಡಂ ಕನ್ನಡಕ ತೆಗೆದರು. "ಹೋದರೆ ಸೀಟು ಹೋಗುತ್ತೆ. ಕರ್ಕೊಂಡು ಹೋಗ್ತಾರಾ, ಬಿಡ್ತಾರಾ, ಕೇಳು."

ಕೇಳಿದೆ. "ನಾಕೇಮಿ ತೆಲುಸು ತಲ್ಲೀ, ನುವ್ವೇ ಚೆಪ್ಪು" ಅಂದಳು ಅಜ್ಜಿ. ನನಗೇನು ಗೊತ್ತು ತಾಯಿ, ನೀನೇ ಹೇಳು, ಅಂತ. ಹಳ್ಳಿ ಹಳ್ಳಿ ತಿರುಗಿದ್ದೇನೆ. ಇಷ್ಟು ಭಾರದ ಪಾತ್ರೆ ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಒಗ್ಗರಣೆ ಹಾಕಿದೆ. "ಓದೋ ಹುಡುಗಿ ಮೇಡಂ. ಅತ್ತೆ ಬಂದ ತಕ್ಷಣ ಓಡಿ ಬರ್ತಾಳೆ. ಸೀಟು ಸ್ವಲ್ಪ ಹಿಡಿದಿಡಿ." ಮೇಡಂ ರಿಜಿಸ್ಟರ್ ತೆರೆದರು. ಪೆನ್ನು ಹಿಡಿದು ಸುಮ್ಮನಾದರು. ಬಹಳ ಹೊತ್ತು. ನನಗೆ ತಡೆಯಲಾಗಲಿಲ್ಲ.

"ಶನಿವಾರ ಸಂಜೆ ಐದಕ್ಕೆ ಇಲ್ಲಿರ್ತಾಳೆ ಮೇಡಂ. ನಾನು ಗ್ಯಾರಂಟಿ."

"ಸರಿ. ಶನಿವಾರ ಐದು." ಬರೆದುಕೊಂಡರು.

ವ್ಯಾಪಾರ ಕುದುರಿತು. ಸಂಜೆಯ ಬಸ್ಸಿಗೆ ವೇದಾ ಹೊರಟಳು. ಐಡಿ ಕಾರ್ಡ್ ಕೊರಳಲ್ಲೇ ಇತ್ತು. "ಟ್ರಂಕ್ ಇಲ್ಲೇ ಇರ್ಲಿ ಕಣೇ. ಅದನ್ನ ನೋಡಿದ್ರೆ ನಾನು ಬತ್ತೀನಿ ಅಂತ ಅವ್ರಿಗೂ ನೆಪ್ಪಿರುತ್ತೆ."

ಜೂನ್ 14, ಶನಿವಾರ. ಮೂರೂವರೆ

ಬೆಳಗ್ಗೆ ಸಮಾರೋಪ. ನನಗೆ "ಬೆಸ್ಟ್ ಸ್ಪೀಕರ್". ಸರ್ಟಿಫಿಕೇಟು, ಒಂದು ಪೆನ್ನು. ಚಪ್ಪಾಳೆ.

ಈಗ ಗೇಟಿನ ಹತ್ತಿರ ಹುಣಸೆಮರದ ಕೆಳಗೆ. ಕೊರಟಗೆರೆಯಿಂದ ಒಬ್ಬ ತಾಯಿ, ಮಗಳು ಬಂದು ಕೂತಿದ್ದಾರೆ. ಮಗಳ ಹೆಸರು ಮಂಜುಶ್ರೀ. ಹೊಸ ಟ್ರಂಕು, ಬೀಗಕ್ಕೆ ಕುಂಕುಮ. ತಾಯಿ ಕರೆದು ಚಕ್ಕುಲಿ ಕೊಟ್ಟರು. ಎರಡು ತಿಂದೆ. ಆಮೇಲೆ ಕೇಳಿದೆ, ಯಾರನ್ನು ನೋಡಲು ಬಂದಿರಿ ಅಂತ.

"ಯಾರ್ನೂ ಇಲ್ಲ ಕಣವ್ವ. ಲಿಸ್ಟ್‌ನಲ್ಲಿ ಮೊದ್ಲು ನಮ್ ಮಗೀದೇ ಹೆಸ್ರು. ಐದು ಗಂಟೆಗೆ ಒಂದು ಸೀಟು ಖಾಲಿ ಆಗ್ಬೋದು, ಬಂದಿರಿ ಅಂದ್ರು. ಯಾರೋ ಹುಡುಗಿ ಬರಾಕಿಲ್ವಂತೆ."

ಮೂರನೇ ಚಕ್ಕುಲಿ ವಾಪಸ್ ಅವರ ಡಬ್ಬಿಗೇ ಇಟ್ಟೆ. ಈ ಹುಡುಗಿಯ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅವಳ ಕಾಲಲ್ಲೂ ನನ್ನಂಥದೇ ರಬ್ಬರ್ ಚಪ್ಪಲಿ.

ಅದೇ ದಿನ. ಸಂಜೆ

ಐದಾಯಿತು. ಮೇಡಂ ಗಡಿಯಾರ ನೋಡಲಿಲ್ಲ, ನನ್ನನ್ನು ನೋಡಿದರು. "ಇನ್ನರ್ಧ ಗಂಟೆ ಮೇಡಂ." ಕೊಟ್ಟರು. ಕೆಟ್ಟವರಲ್ಲ. ಅದೂ ಮುಗಿಯಿತು. ಮಂಜುಶ್ರೀಯ ತಾಯಿ ರುಜು ಹಾಕಿದರು.

ಆರು ದಾಟಿದ ಮೇಲೆ ವೇದಾ ಓಡಿ ಬಂದಳು. ಹಿಂದೆ ಅಜ್ಜಿ, ಕೋಲೂರಿಕೊಂಡು. ಅತ್ತೆ ಬಂದದ್ದೇ ಮಧ್ಯಾಹ್ನವಂತೆ.

"ಎಲ್ಡು ಬಸ್ಸು ರಶ್ ಅಂತ ನಿಲ್ಲಿಸ್ಲೇ ಇಲ್ಲ ಕಣೇ. ಮೂರನೇದಕ್ಕೆ ಅಜ್ಜಿ ರೋಡಿಗೆ ಅಡ್ಡ ನಿಂತ್ಕಂಡ್ಬುಟ್ಳು."

ಅಜ್ಜಿ ನನ್ನ ಕೈ ಹುಡುಕಿ ಹಿಡಿದಳು. "ನುವ್ವು ಚೆಪ್ಪು ತಲ್ಲೀ." ನೀನು ಹೇಳು. ಹೇಳಿದೆ. ಬಸ್ಸು, ಸೊಂಟ, ಮಗು, ಮಾರ್ಕ್ಸು, ಎಲ್ಲ ಹೇಳಿದೆ. ಕಾಲು ಹಿಡಿಯುವಷ್ಟು ಬಗ್ಗಿಯೂ ಹೇಳಿದೆ. ಮೇಡಂ ಕೊನೆಯವರೆಗೂ ಕೇಳಿಸಿಕೊಂಡರು.

"ಈಗ ಆ ಹುಡುಗಿನ ಎಬ್ಬಿಸಿ ಕಳಿಸ್ಲಾ? ನೀನೇ ಹೇಳು. ಐದು ಅಂದಿದ್ದು ಯಾರು ಯಶಸ್ವಿನಿ?"

ಸುಮ್ಮನಿದ್ದೆ. ಬುಧವಾರವೇ ಹೀಗೆ ಸುಮ್ಮನಿರಬೇಕಾಗಿತ್ತು.

ಟ್ರಂಕಿನ ಒಂದು ಕಡೆ ನಾನು, ಒಂದು ಕಡೆ ವೇದಾ. ಬಸ್ ಸ್ಟ್ಯಾಂಡಿನವರೆಗೆ ಹೋಗಲು ವಾಚ್‌ಮನ್ ಬಿಡಲಿಲ್ಲ. ಗೇಟಿನಲ್ಲಿ ಟ್ರಂಕಿನ ನನ್ನ ಕಡೆಯ ಹಿಡಿ ಅಜ್ಜಿಯ ಕೈಗೆ ಹೋಯಿತು.

"ಮುಂದಿನ ವರ್ಷ ಹಾಕ್ತಾರಂತೆ ನನ್ನ," ಅಂದಳು ವೇದಾ. ಆ ವರ್ಷ ಬರುವುದಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

ಜೂನ್ 16, ಸೋಮವಾರ

ಪಾಠ ಶುರುವಾಯಿತು. ಫೀಸಿನ ರಸೀದಿ ತರಲು ಆಫೀಸಿಗೆ ಹೋಗಿದ್ದೆ. ಕ್ಲರ್ಕ್ ಅನಿಲ್ ಕುಮಾರ್ ಸರ್ ತಾನಾಗಿಯೇ ಅಂದರು:

"ಅಲ್ಲಮ್ಮ, ಅಡ್ಮಿಷನ್ ಆದೋರ ಲಿಸ್ಟು ಮೇಲಕ್ಕೆ ಕಳಿಸ್ಬೇಕಾಗಿದ್ದು ಇವತ್ತು. ಮೇಡಂ ಸೋಮವಾರ ತನಕ ಅಂತ ಬರಿಯೋಕೆ ಪೆನ್ನು ತಗೊಂಡಿದ್ರು, ನಾನೇ ಪಕ್ಕದಲ್ಲಿದ್ದೆ. ಅಷ್ಟ್ರಲ್ಲಿ ನೀನೇ ಶನಿವಾರ ಅಂದ್‌ಬುಟ್ಟೆ."

ರಸೀದಿ ಮಡಿಸಿಟ್ಟುಕೊಂಡು ಬಂದೆ.

ಪಕ್ಕದ ಮಂಚದಲ್ಲಿ ಮಂಜುಶ್ರೀ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಾಳೆ. ಕೇಳಿದಳು, "ಇಲ್ಲಿ ಮೊದ್ಲು ಯಾರಿದ್ರು?" ಬೆಸ್ಟ್ ಸ್ಪೀಕರ್ ಅವಳ ಮುಂದಿನ ಪುಸ್ತಕಕ್ಕೆ ರಟ್ಟು ಮಡಿಸಿ ಕೊಟ್ಟಳು.

ವಾರದ ಲೆಕ್ಕ.

ಕಾಲೇಜಿಗೆ — ಸೀಟು ಭರ್ತಿ.

ಮಂಜುಶ್ರೀಗೆ — ಕಿಟಕಿ ಪಕ್ಕದ ಮಂಚ.

ವಳ್ಳೂರಿನ ಮನೆಗೆ — ಮಗು ಎತ್ತಲು ಎರಡು ಕೈ.

ನನಗೆ — ಸರ್ಟಿಫಿಕೇಟು, ಈ ಪೆನ್ನು.

ವೇದಾಗೆ —